ಕುಂಡದಲ್ಲಿ ನಿಂಬೆ: ಮುಂದೆ ಬದಲಿಸಲಾಗದ್ದನ್ನು ಮೊದಲು ಆರಿಸಿ

ಕುಂಡದಲ್ಲಿ ನಿಂಬೆ ಬೆಳೆಸಲು ಹೊರಟವರು ಸಾಮಾನ್ಯವಾಗಿ ನಾಲ್ಕು ಪ್ರಶ್ನೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಯಾವ ತಳಿ? ಬೀಜದ ಸಸಿಯೋ, ಕಸಿ ಗಿಡವೋ? ಮಣ್ಣಿನ ಕುಂಡವೋ, ಪ್ಲಾಸ್ಟಿಕ್ಕಿನದೋ? ತೋಟದ ಮಣ್ಣೋ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣವೋ? ನಾಲ್ಕಕ್ಕೂ ಒಂದೇ ತೂಕ ಕೊಡುವುದರಿಂದ ಗೊಂದಲ ಹುಟ್ಟುತ್ತದೆ. ಮಣ್ಣಿನ ಮಿಶ್ರಣ ಸರಿಹೋಗದಿದ್ದರೆ ಮುಂದಿನ ಬಾರಿ ಕುಂಡ ಬದಲಿಸುವಾಗ ತಿದ್ದಿಕೊಳ್ಳಬಹುದು. ಎಳೆಯ ಗಿಡದ ಕುಂಡವನ್ನಂತೂ ಹೇಗಿದ್ದರೂ ಒಂದೆರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಗೊಬ್ಬರವನ್ನು ಈ ತಿಂಗಳೇ ಬೇರೆ ಮಾಡಬಹುದು. ಆದರೆ ತಳಿ ಮತ್ತು ಸಸಿಯ ಹುಟ್ಟು ಒಮ್ಮೆ ನೆಟ್ಟ ಮೇಲೆ ಹಾಗೆಯೇ ಉಳಿಯುತ್ತವೆ. ಆಯ್ಕೆ ತಪ್ಪಿತೆಂದು ತಿಳಿಯುವ ಹೊತ್ತಿಗೆ ಮೂರು ನಾಲ್ಕು ವರ್ಷಗಳ ನೀರು, ಗೊಬ್ಬರ, ನಿರೀಕ್ಷೆ ಎಲ್ಲವೂ ಅದರಲ್ಲಿ ಸೇರಿಹೋಗಿರುತ್ತವೆ. ಕೈಯಲ್ಲಿರುವ ಹಣ ಕಡಿಮೆಯಿದ್ದರೆ ಅದನ್ನು ಗಿಡಕ್ಕೆ ಖರ್ಚು ಮಾಡಿ, ಕುಂಡದ ಖರ್ಚಿನಲ್ಲಿ ಉಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಚ್ಚಿನವರು ಇದಕ್ಕೆ ತಿರುಗುಮುರುಗಾಗಿ ನಡೆದುಕೊಳ್ಳುವುದನ್ನು ಕಂಡಿರುವುದರಿಂದಲೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಅಳತೆಗೋಲುಗಳು

ಆಯ್ಕೆಗಳನ್ನು ತೂಗುವ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳೋಣ. ಮೊದಲನೆಯದು ಬಿಸಿಲು. ನಿಂಬೆಗೆ ದಿನಕ್ಕೆ ಕನಿಷ್ಠ 6 ಗಂಟೆ, ಸಾಧ್ಯವಾದರೆ 8 ಗಂಟೆ ನೇರ ಬಿಸಿಲು ಬೇಕು. ಇದಕ್ಕಿಂತ ಕಡಿಮೆ ಬಿಸಿಲಿನಲ್ಲಿ ಗಿಡ ಬದುಕುತ್ತದೆ, ಎಲೆಯೂ ಹಸಿರಾಗಿರುತ್ತದೆ, ಆದರೆ ಕೊಂಬೆಗಳು ಸೊರಗಿ ಉದ್ದವಾಗಿ ಹೂವು ಕಡಿಮೆಯಾಗುತ್ತದೆ. ಬಿಸಿಲನ್ನು ಅಂದಾಜಿನಲ್ಲಿ ಹೇಳಿಕೊಳ್ಳದೆ, ಒಂದು ರಜಾ ದಿನ ಗಂಟೆಗೊಮ್ಮೆ ಆ ಜಾಗವನ್ನು ನೋಡಿ ಬರೆದಿಟ್ಟುಕೊಳ್ಳಿ. ಬಾಲ್ಕನಿಯ ಬಿಸಿಲು ನಾವು ನಂಬಿಕೊಂಡದ್ದಕ್ಕಿಂತ ಒಂದೆರಡು ಗಂಟೆ ಕಡಿಮೆಯೇ ಇರುವುದು ಸಾಮಾನ್ಯ.

ಎರಡನೆಯದು ಚಳಿ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಂಬೆಯ ಬೆಳವಣಿಗೆ ಹೆಚ್ಚುಕಡಿಮೆ ನಿಂತುಹೋಗುತ್ತದೆ, ಸೊನ್ನೆಗಿಂತ ಕೆಳಗೆ ಹಾನಿ ಶುರುವಾಗುತ್ತದೆ. ನೆಲದಲ್ಲಿರುವ ಮರದ ಬೇರನ್ನು ಭೂಮಿ ಕಾಪಾಡುತ್ತದೆ. ಕುಂಡದಲ್ಲಿರುವ ಬೇರಿಗೆ ಆ ರಕ್ಷಣೆಯಿಲ್ಲ. ಹೀಗಾಗಿ ಪುಸ್ತಕಗಳಲ್ಲಿ ಕಾಣುವ ಚಳಿ ತಡೆಯುವ ಮಿತಿಗಳನ್ನು ಕುಂಡದ ಗಿಡಕ್ಕೆ ಹಾಗೆಯೇ ಅನ್ವಯಿಸಬಾರದು.

ಮೂರನೆಯದು ಭಾರ. ಗಿಡವನ್ನು ಚಳಿಗಾಲದಲ್ಲಿ ಒಳಗೆ ತರಬೇಕೇ, ಬಿಸಿಲನ್ನು ಹಿಂಬಾಲಿಸಿ ಸರಿಸಬೇಕೇ, ಮಹಡಿಯ ಮೇಲೆ ಇಡಬೇಕೇ ಎಂಬುದನ್ನು ಮೊದಲೇ ಯೋಚಿಸಬೇಕು. ನಾಲ್ಕನೆಯದು ನೀರು ಹಾಕುವವರ ದಿನಚರಿ. ದಿನಕ್ಕೆರಡು ಬಾರಿ ಗಿಡದ ಬಳಿ ಹೋಗುವವರಿಗೂ ವಾರದಲ್ಲಿ ಮೂರು ದಿನ ಊರಿನಲ್ಲಿ ಇರದವರಿಗೂ ಒಂದೇ ಕುಂಡ ಹೊಂದುವುದಿಲ್ಲ. ಐದನೆಯದು ಕಾಯುವ ತಾಳ್ಮೆ, ಆರನೆಯದು ಹಣ್ಣಿನ ಬಳಕೆ: ರಸಕ್ಕೋ, ಸಿಪ್ಪೆಯ ಪರಿಮಳಕ್ಕೋ, ಅಥವಾ ಹೂವು ಮತ್ತು ಎಲೆಯ ಅಂದಕ್ಕೋ. ಮನೆಯಲ್ಲಿ ಚಿಕ್ಕ ಮಕ್ಕಳು ಓಡಾಡುತ್ತಿದ್ದರೆ ಮುಳ್ಳು ಕೂಡ ಒಂದು ಅಳತೆಗೋಲೇ ಆಗುತ್ತದೆ. ನಿಂಬೆಯ ಎಳೆಯ ಗಿಡದ ಮುಳ್ಳು ಕಣ್ಣಿನ ಎತ್ತರದಲ್ಲಿ ಎಷ್ಟು ಅಪಾಯಕಾರಿ ಎಂಬುದು ಗಿಡ ತಂದ ಮೇಲೆಯೇ ಹಲವರಿಗೆ ಅರಿವಾಗುತ್ತದೆ.

ತಳಿ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ನಿಂಬೆ’ ಎಂಬ ಒಂದೇ ಮಾತು ಎರಡು ಬೇರೆ ಗಿಡಗಳಿಗೆ ಸಲ್ಲುತ್ತದೆ. ಒಂದು, ದುಂಡಗೆ ಚಿಕ್ಕದಾಗಿ ತೆಳು ಸಿಪ್ಪೆಯಿರುವ ಕಾಗಜಿ ನಿಂಬೆ, ಅಂದರೆ ಲೈಮ್. ಇನ್ನೊಂದು, ತುದಿಯಲ್ಲಿ ಮೊಲೆಯಂಥ ಉಬ್ಬಿದ್ದು ಉದ್ದಕ್ಕೆ ಬೆಳೆಯುವ, ದಪ್ಪ ಹಳದಿ ಸಿಪ್ಪೆಯ ಲೆಮನ್. ಕುಂಡದಲ್ಲಿ ಇವುಗಳ ನಡತೆ ಬೇರೆಯಾಗಿರುವುದರಿಂದ ಸಸಿ ಕೊಳ್ಳುವಾಗ ‘ನಿಂಬೆ’ ಎಂದಷ್ಟೇ ಕೇಳಿದರೆ ಸಾಲದು, ತಳಿಯ ಹೆಸರನ್ನೇ ಕೇಳಬೇಕು.

ಕುಂಡಕ್ಕೆಂದೇ ಹುಟ್ಟಿದಂತಿರುವ ತಳಿ ಮೇಯರ್. ಅಮೆರಿಕದ ಕೃಷಿ ಇಲಾಖೆಗಾಗಿ ಸಸ್ಯಗಳನ್ನು ಹುಡುಕುತ್ತಿದ್ದ ಫ್ರಾಂಕ್ ಮೇಯರ್ ಇದನ್ನು 1908ರಲ್ಲಿ ಚೀನಾದಿಂದ ಅಮೆರಿಕಕ್ಕೆ ತಂದರು. ಚೀನಾದಲ್ಲಿಯೂ ಅದನ್ನು ಅಂದಕ್ಕಾಗಿ ಕುಂಡಗಳಲ್ಲೇ ಬೆಳೆಸುತ್ತಿದ್ದರು. ಇದು ಶುದ್ಧ ಲೆಮನ್ ಅಲ್ಲ, ಕಿತ್ತಳೆಯ ಬಳಗದ ರಕ್ತವೂ ಸೇರಿರುವ ಮಿಶ್ರತಳಿ. ಹೀಗಾಗಿ ಹಣ್ಣು ದುಂಡಗೆ, ಸಿಪ್ಪೆ ನುಣುಪಾಗಿ ತೆಳ್ಳಗೆ, ರಸ ಧಾರಾಳವಾಗಿ, ಹುಳಿ ಸ್ವಲ್ಪ ಕಡಿಮೆಯಾಗಿ ಇರುತ್ತದೆ. ಗಿಡ ತಾನಾಗಿಯೇ ಗಿಡ್ಡವಾಗಿ ಪೊದೆಯಂತೆ ಬೆಳೆಯುತ್ತದೆ, ಮುಳ್ಳು ಬಹಳ ಕಡಿಮೆ, ಚಳಿಯನ್ನು ಇತರ ಲೆಮನ್‌ಗಳಿಗಿಂತ ಚೆನ್ನಾಗಿ ತಡೆಯುತ್ತದೆ, ಎಳೆಯ ವಯಸ್ಸಿನಲ್ಲೇ ಹೂ ಬಿಡುತ್ತದೆ. ಆರಂಭದ ಮೇಯರ್ ಗಿಡಗಳು ಟ್ರಿಸ್ಟೆಜಾ ಎಂಬ ವೈರಸ್ಸನ್ನು ತಮ್ಮಲ್ಲಿ ಯಾವ ಲಕ್ಷಣವೂ ಕಾಣಿಸದಂತೆ ಹೊತ್ತು ಬೇರೆ ಗಿಡಗಳಿಗೆ ಹರಡುತ್ತಿದ್ದುದರಿಂದ, ಆ ವೈರಸ್ ಇಲ್ಲದ ‘ಇಂಪ್ರೂವ್ಡ್ ಮೇಯರ್’ ಅನ್ನು 1975ರಲ್ಲಿ ಬಿಡುಗಡೆ ಮಾಡಲಾಯಿತು. ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು. ಇದರ ಕೊರತೆಯೂ ಸ್ಪಷ್ಟವಾಗಿದೆ: ತೀಕ್ಷ್ಣವಾದ ಹುಳಿ ಬೇಕೆನ್ನುವವರಿಗೆ ಮೇಯರ್ ಸಪ್ಪೆ ಎನಿಸುತ್ತದೆ, ಸಿಪ್ಪೆಯಲ್ಲಿ ಲೆಮನ್‌ನ ಆ ಚುರುಕಾದ ಪರಿಮಳವಿಲ್ಲ, ತೆಳು ಸಿಪ್ಪೆಯ ಹಣ್ಣು ಕಿತ್ತ ಮೇಲೆ ಹೆಚ್ಚು ದಿನ ನಿಲ್ಲುವುದೂ ಇಲ್ಲ.

ಆ ಪರಿಮಳವೇ ಬೇಕೆಂದರೆ ಯುರೇಕಾ ಮತ್ತು ಲಿಸ್ಬನ್ ಎಂಬ ಎರಡು ನಿಜವಾದ ಲೆಮನ್‌ಗಳ ನಡುವೆ ಆರಿಸಬೇಕಾಗುತ್ತದೆ. ಹಣ್ಣನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳುವುದೇ ಕಷ್ಟ; ವ್ಯತ್ಯಾಸವೆಲ್ಲ ಗಿಡದಲ್ಲಿದೆ. ಯುರೇಕಾದಲ್ಲಿ ಮುಳ್ಳು ಕಡಿಮೆ, ಕೊಂಬೆಗಳು ಬಿಡಿಬಿಡಿಯಾಗಿ ಹರಡುತ್ತವೆ, ಹಿತವಾದ ಹವೆಯಲ್ಲಿ ವರ್ಷವಿಡೀ ಅಷ್ಟಿಷ್ಟು ಕಾಯಿ ಬಿಡುತ್ತಲೇ ಇರುತ್ತದೆ. ಆದರೆ ಚಳಿಗೆ ಬೇಗ ನಲುಗುತ್ತದೆ. ಲಿಸ್ಬನ್ ಹುರುಪಿನಿಂದ ಎತ್ತರಕ್ಕೆ ಬೆಳೆಯುವ, ಮುಳ್ಳು ತುಂಬಿದ, ದಟ್ಟ ಎಲೆಯ ಗಿಡ. ಗಾಳಿ, ಬಿಸಿಲು, ಚಳಿ ಮೂರನ್ನೂ ಯುರೇಕಾಗಿಂತ ಚೆನ್ನಾಗಿ ಸಹಿಸುತ್ತದೆ, ಆದರೆ ಕುಂಡದಲ್ಲಿ ಅದನ್ನು ಅಂಕೆಯಲ್ಲಿಡಲು ಕತ್ತರಿ ಹಿಡಿದೇ ಇರಬೇಕಾಗುತ್ತದೆ. ಗಾಳಿ ಹೊಡೆಯುವ ತೆರೆದ ಮಾಳಿಗೆಗೆ ಲಿಸ್ಬನ್, ಆಸರೆಯಿರುವ ಬಾಲ್ಕನಿಗೆ ಯುರೇಕಾ ಎಂದು ನಾನು ಹೇಳುತ್ತೇನೆ. ಹಸಿರು ಬಿಳಿ ಬಣ್ಣದ ಎಲೆಯ, ತಿಳಿಗೆಂಪು ತಿರುಳಿನ ಯುರೇಕಾ ಕೂಡ ಇದೆ. ಎಲೆಯಲ್ಲಿ ಹಸಿರಿನ ಪಾಲು ಕಡಿಮೆಯಿರುವುದರಿಂದ ಅದು ನಿಧಾನಕ್ಕೆ ಬೆಳೆಯುತ್ತದೆ. ಅಂದಕ್ಕೆ ಬೆಳೆಸುವವರಿಗೆ ಅದು ಒಳ್ಳೆಯದೇ, ಹಣ್ಣಿನ ಲೆಕ್ಕ ಇಡುವವರಿಗಲ್ಲ.

ಕಾಗಜಿ ನಿಂಬೆಯ ಸಂಗತಿ ಬೇರೆ. ಹುಳಿ ಮತ್ತು ಪರಿಮಳದಲ್ಲಿ ಅದಕ್ಕೆ ಸಾಟಿಯಿಲ್ಲ, ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಸಾಕು (ಲೆಮನ್‌ಗೆ 6ರಿಂದ 9 ತಿಂಗಳು ಬೇಕು), ಬೆಚ್ಚಗಿನ ಹವೆಯಲ್ಲಿ ವರ್ಷಕ್ಕೆ ಹಲವು ಬಾರಿ ಹೂ ಬಿಡುತ್ತದೆ. ಪ್ರತಿಯಾಗಿ ಸಣ್ಣದಾದರೂ ಚೂಪಾದ ಮುಳ್ಳುಗಳನ್ನು ಒಪ್ಪಿಕೊಳ್ಳಬೇಕು, ಹಿಮ ಬೀಳುವಲ್ಲಿ ಅದನ್ನು ಹೊರಗಿಡುವಂತಿಲ್ಲ, ಮತ್ತು ಎಲೆ, ಕಾಯಿ, ಕೊಂಬೆಗಳ ಮೇಲೆ ಒರಟಾದ ಕಂದು ಕಜ್ಜಿ ಎಬ್ಬಿಸುವ ಬ್ಯಾಕ್ಟೀರಿಯಾ ರೋಗಕ್ಕೆ ಅದು ಬಹಳ ಬೇಗ ತುತ್ತಾಗುತ್ತದೆ. ಮಳೆ ಹೆಚ್ಚಿರುವ ಜಾಗದಲ್ಲಿ ಎಲೆ ಸದಾ ಒದ್ದೆಯಾಗಿದ್ದರೆ ಈ ಕಜ್ಜಿ ರೋಗದಿಂದ ಪಾರಾಗುವುದು ಕಷ್ಟ. ಅಂಥಲ್ಲಿ ತಾಹಿತಿ ಎಂದೂ ಪರ್ಷಿಯನ್ ಎಂದೂ ಕರೆಸಿಕೊಳ್ಳುವ ಬೀಜರಹಿತ ಲೈಮ್ ಮೇಲು. ಅದಕ್ಕೆ ಕಜ್ಜಿಯನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚು, ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ, ಹಣ್ಣು ದೊಡ್ಡದು. ಪರಾಗಸ್ಪರ್ಶವಿಲ್ಲದೆಯೇ ಅದು ಕಾಯಿ ಕಟ್ಟುವುದರಿಂದ ಜೇನುನೊಣ ಬಾರದ ಗಾಜಿನ ಕೋಣೆಯಲ್ಲಿ ಬೆಳೆಸುವವರಿಗೂ ಅನುಕೂಲ. ಪರಿಮಳದಲ್ಲಿ ಮಾತ್ರ ಕಾಗಜಿಯ ಮುಂದೆ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ.

ಬೀಜವೋ, ಗೂಟಿಯೋ, ಕಸಿಯೋ

ಹಣ್ಣಿನಿಂದ ತೆಗೆದ ಬೀಜಕ್ಕೆ ಖರ್ಚೇ ಇಲ್ಲ, ಮೊಳಕೆಯೊಡೆಯುವುದನ್ನು ನೋಡುವ ಸಂತೋಷವೂ ಸಣ್ಣದಲ್ಲ. ಬೀಜದ ಗಿಡ ತಾಯಿಯನ್ನು ಹೋಲುವುದೇ ಇಲ್ಲ ಎಂಬ ಮಾತು ನಿಂಬೆಯ ಬಳಗಕ್ಕೆ ಪೂರ್ತಿ ಅನ್ವಯಿಸುವುದಿಲ್ಲ. ಈ ಬಳಗದ ಎಷ್ಟೋ ಬೀಜಗಳೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುತ್ತವೆ, ಅವುಗಳಲ್ಲಿ ಕೆಲವು ಪರಾಗದ ಸಂಪರ್ಕವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದ ತದ್ರೂಪಿಗಳು. ಒಂದು ಬೀಜದಿಂದ ಎರಡು ಮೂರು ಮೊಳಕೆ ಬರುವುದು ಇದೇ ಕಾರಣಕ್ಕೆ. ಕಾಗಜಿ ನಿಂಬೆಯ ಬೀಜದ ಸಸಿಗಳು ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತವೆ. ಆದ್ದರಿಂದ ಅಡ್ಡಿ ಗುಣದ್ದಲ್ಲ, ಕಾಲದ್ದು. ಬೀಜದ ಗಿಡ ಬಾಲ್ಯವನ್ನು ದಾಟಿದ ನಂತರವೇ ಹೂ ಬಿಡುತ್ತದೆ. ಕಾಗಜಿಗೆ ಮೂರರಿಂದ ಆರು ವರ್ಷ, ಲೆಮನ್‌ಗೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು, ಅದೂ ಎತ್ತರಕ್ಕೆ ಬೆಳೆಯಲು ಬಿಟ್ಟರೆ. ಕುಂಡದಲ್ಲಿಟ್ಟು ಮತ್ತೆ ಮತ್ತೆ ತುದಿ ಕತ್ತರಿಸುತ್ತಿದ್ದರೆ ಆ ಬಾಲ್ಯ ಇನ್ನಷ್ಟು ದೀರ್ಘವಾಗುತ್ತದೆ, ಮತ್ತು ಬಾಲ್ಯದ ಕೊಂಬೆಗಳಲ್ಲಿ ಮುಳ್ಳು ಹೆಚ್ಚು. ಜಾಗ ಇಕ್ಕಟ್ಟಾಗಿದ್ದು ಗಿಡವನ್ನು ಸವರುತ್ತಲೇ ಇರಬೇಕಾದವರಿಗೆ ಬೀಜದ ಸಸಿಯನ್ನು ನಾನು ಸೂಚಿಸುವುದಿಲ್ಲ. ಮಕ್ಕಳಿಗೆ ಕಲಿಸಲೆಂದು, ಅಥವಾ ಮುಂದೆ ಕಸಿ ಕಟ್ಟಲು ಬೇರುಸಸಿ, ಅಂದರೆ ಕಸಿಯ ಕೆಳಭಾಗವಾಗುವ ಗಿಡ, ಬೇಕೆಂದು ಬೆಳೆಸುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕಡ್ಡಿ ನೆಟ್ಟು ಬೇರು ಬರಿಸಿದ ಗಿಡ ಮತ್ತು ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ, ಅಂದರೆ ಗೂಟಿ ಕಟ್ಟಿ, ತೆಗೆದ ಗಿಡ ಎರಡೂ ವಯಸ್ಸಿಗೆ ಬಂದ ಮರದ ತುಂಡುಗಳೇ ಆದ್ದರಿಂದ ಒಂದೆರಡು ವರ್ಷಗಳಲ್ಲಿ ಹೂ ಬಿಡುತ್ತವೆ. ಬೆಲೆಯಲ್ಲಿ ಇವು ಬೀಜದ ಸಸಿಗಿಂತ ಮೇಲೆ, ಕಸಿಗಿಂತ ಸಾಮಾನ್ಯವಾಗಿ ಕೆಳಗೆ. ತಾಯಿಬೇರು ಇರುವುದಿಲ್ಲ ಎಂಬುದು ನೆಲದಲ್ಲಿ ನೆಡುವವರಿಗೆ ದೊಡ್ಡ ಕೊರತೆಯಾದರೂ ಕುಂಡದಲ್ಲಿ ಅಷ್ಟು ಮುಖ್ಯವಲ್ಲ, ಏಕೆಂದರೆ ಕುಂಡದಲ್ಲಿ ತಾಯಿಬೇರು ಇಳಿಯಲು ಆಳವೇ ಇಲ್ಲ. ಇಡೀ ಗಿಡ ಒಂದೇ ತಳಿಯದಾಗಿರುವುದರಿಂದ ಬುಡದಿಂದ ಬಂದ ಚಿಗುರೂ ಅದೇ ಹಣ್ಣನ್ನು ಕೊಡುತ್ತದೆ, ಚಳಿಗೆ ಮೇಲ್ಭಾಗ ಒಣಗಿದರೂ ಮತ್ತೆ ಅದೇ ತಳಿ ಚಿಗುರುತ್ತದೆ. ಮೇಯರ್, ಕಾಗಜಿ, ತಾಹಿತಿ ಮೂರೂ ಹೀಗೆ ಸ್ವಂತ ಬೇರಿನ ಮೇಲೆ ಚೆನ್ನಾಗಿ ಬರುತ್ತವೆ. ಹಣ ಉಳಿಸಬೇಕು, ಆದರೆ ಹೆಚ್ಚು ಕಾಯಲಾಗದು ಎನ್ನುವವರಿಗೆ ಗೂಟಿ ಗಿಡ ನಿಜಕ್ಕೂ ಒಳ್ಳೆಯ ನಡುದಾರಿ. ಬೇರುಕೊಳೆ ರೋಗವನ್ನು ತಡೆಯುವ ಶಕ್ತಿಯಲ್ಲಿ ಮಾತ್ರ ಇವು ಒಳ್ಳೆಯ ಬೇರುಸಸಿಯ ಮೇಲಿನ ಕಸಿಗೆ ಸಮನಲ್ಲ.

ಕಸಿ ಗಿಡದ ಬೆಲೆ ಹೆಚ್ಚು, ಏಕೆಂದರೆ ಅದರಲ್ಲಿ ಎರಡು ಗಿಡಗಳ ಗುಣಗಳನ್ನು ಕೊಳ್ಳುತ್ತೇವೆ. ಮೇಲ್ಭಾಗದ ತಳಿ ಹಣ್ಣನ್ನು ನಿರ್ಧರಿಸಿದರೆ, ಕೆಳಗಿನ ಬೇರುಸಸಿ ಗಿಡದ ಗಾತ್ರ, ಚಳಿ ತಡೆಯುವ ಶಕ್ತಿ, ಬೇರಿನ ಆರೋಗ್ಯಗಳನ್ನು ನಿರ್ಧರಿಸುತ್ತದೆ. ಒರಟು ನಿಂಬೆ ಎಂಬ ಬೇರುಸಸಿಯ ಮೇಲೆ ಕಟ್ಟಿದ ಗಿಡ ನೆಲದಲ್ಲಿ ಹುಲುಸಾಗಿ ಬೆಳೆಯುತ್ತದೆ, ಆದರೆ ಆ ಹುಲುಸು ಕುಂಡದಲ್ಲಿ ಬೇಡದ ಗುಣ. ಮೂರೆಲೆಯ ಟ್ರೈಫೋಲಿಯೇಟ್ ಬೇರುಸಸಿ, ಅದರಲ್ಲೂ ‘ಫ್ಲೈಯಿಂಗ್ ಡ್ರ್ಯಾಗನ್’ ಎಂಬ ಬಗೆ, ಗಿಡವನ್ನು ಗಿಡ್ಡವಾಗಿಡುತ್ತದೆ, ಚಳಿಯನ್ನೂ ಬೇರುಕೊಳೆಯನ್ನೂ ತಡೆಯುತ್ತದೆ. ಕುಂಡಕ್ಕೆ ಇದಕ್ಕಿಂತ ಹೊಂದುವ ಬೇರುಸಸಿ ಕಡಿಮೆ. ಒಂದು ಎಚ್ಚರಿಕೆ ಇದೆ. ಯುರೇಕಾ ಲೆಮನ್ ಟ್ರೈಫೋಲಿಯೇಟ್ ಬೇರುಸಸಿಯೊಂದಿಗೆ ಒಗ್ಗುವುದಿಲ್ಲ. ಮೊದಲ ಕೆಲವು ವರ್ಷ ಚೆನ್ನಾಗಿ ಕಾಣುವ ಗಿಡ ಆಮೇಲೆ ಕಸಿ ಕೂಡಿದ ಜಾಗದಲ್ಲಿ ಸೋತು ಕ್ಷೀಣಿಸುತ್ತದೆ. ಯುರೇಕಾ ಕೊಳ್ಳುವವರು ಬೇರುಸಸಿ ಯಾವುದೆಂದು ಕೇಳದೆ ಕೊಳ್ಳಬಾರದು. ಮಾರುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಬೇರೆ ಕಡೆ ಹುಡುಕುವುದು ಒಳ್ಳೆಯದು.

ಕಸಿ ಗಿಡದಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ನಾನು ಸ್ವತಃ ಅನುಭವಿಸಿದ್ದೇನೆ. ಮೊದಲ ಬಾರಿ ತಂದ ಕಸಿ ಗಿಡದ ಬುಡದಿಂದ ಬಲವಾದ ಚಿಗುರೊಂದು ಎದ್ದಾಗ ಗಿಡ ಚೇತರಿಸಿಕೊಂಡಿತೆಂದು ಸಂತೋಷಪಟ್ಟು ಅದನ್ನೇ ಎರಡು ವರ್ಷ ಪೋಷಿಸಿದೆ. ಅಷ್ಟರಲ್ಲಿ ಕಸಿಯ ಕೊಂಬೆಗಳು ಒಂದೊಂದಾಗಿ ಒಣಗಿದವು. ಉಳಿದ ಚಿಗುರಿನ ಪ್ರತಿ ತೊಟ್ಟಿನಲ್ಲೂ ಮೂರು ಮೂರು ಎಲೆಗಳಿದ್ದವು. ನಾನು ಅಷ್ಟು ದಿನ ನೀರೆರೆದದ್ದು ಬೇರುಸಸಿಗೆ ಎಂದು ಅರಿವಾದಾಗ ಆದ ನೋವು ಇನ್ನೂ ನೆನಪಿದೆ. ಆದ್ದರಿಂದ ಕಸಿಯ ಗಂಟನ್ನು ಗುರುತಿಸಿ ಅದು ಯಾವಾಗಲೂ ಮಣ್ಣಿಗಿಂತ ನಾಲ್ಕು ಬೆರಳು ಮೇಲಿರುವಂತೆ ನೆಡಬೇಕು, ಗಂಟಿನ ಕೆಳಗೆ ಏನೇ ಚಿಗುರಿದರೂ ಎಳೆಯದಿರುವಾಗಲೇ ಬೆರಳಿನಿಂದ ಮುರಿದು ತೆಗೆಯಬೇಕು.

ಕುಂಡದ ಗಾತ್ರ ಮತ್ತು ವಸ್ತು

ಗಾತ್ರದ ಲೆಕ್ಕ ಕಣ್ಣಿಗೆ ಕಾಣುವಂತಿಲ್ಲ. ಮೇಲೆ ಕೆಳಗೆ ಒಂದೇ ಅಗಲವಿರುವ 30 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಕುಂಡಕ್ಕೆ ಸುಮಾರು 21 ಲೀಟರ್ ಮಣ್ಣು ಹಿಡಿಸಿದರೆ, 40 ಸೆಂಟಿಮೀಟರಿನದಕ್ಕೆ ಸುಮಾರು 50 ಲೀಟರ್, 50 ಸೆಂಟಿಮೀಟರಿನದಕ್ಕೆ ಸುಮಾರು 98 ಲೀಟರ್ ಹಿಡಿಸುತ್ತದೆ. ತೋಟದ ಮಣ್ಣು ಒದ್ದೆಯಾದಾಗ ಲೀಟರಿಗೆ ಒಂದೂವರೆ ಕಿಲೋಗಿಂತ ಹೆಚ್ಚು ತೂಗುವುದರಿಂದ 40 ಸೆಂಟಿಮೀಟರಿನ ಕುಂಡವೇ 75 ಕಿಲೋ ದಾಟುತ್ತದೆ, ಒಬ್ಬರಿಂದ ಎತ್ತಲಾಗದು. ಹಾಗೆಂದು ಸಣ್ಣ ಸಸಿಯನ್ನು ಮೊದಲೇ ದೊಡ್ಡ ಕುಂಡದಲ್ಲಿ ನೆಟ್ಟರೆ ಬೇರು ತಲುಪದ ಮಣ್ಣೆಲ್ಲ ದಿನಗಟ್ಟಲೆ ಒದ್ದೆಯಾಗಿಯೇ ಉಳಿದು ಬೇರುಕೊಳೆಗೆ ದಾರಿಯಾಗುತ್ತದೆ. ಎಳೆಯ ಸಸಿಗೆ 20ರಿಂದ 25 ಸೆಂಟಿಮೀಟರಿನ ಕುಂಡ ಸಾಕು. ಬೇರು ತುಂಬಿದಾಗ ಪ್ರತಿ ಸಲ ಐದರಿಂದ ಎಂಟು ಸೆಂಟಿಮೀಟರ್ ಅಗಲ ಹೆಚ್ಚಿಸುತ್ತ 40ರಿಂದ 50 ಸೆಂಟಿಮೀಟರಿಗೆ ನಿಲ್ಲಿಸಬಹುದು. ಅಲ್ಲಿಂದ ಮುಂದೆ ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಬೇರುಮುದ್ದೆಯ ಹೊರಪದರವನ್ನು ಕತ್ತರಿಸಿ, ಅದೇ ಕುಂಡಕ್ಕೆ ಹೊಸ ಮಿಶ್ರಣ ತುಂಬಿ ಮತ್ತೆ ನೆಡಬೇಕು.

ಈ ಕ್ರಮ ಗೊತ್ತಿದ್ದರೆ ಮೊದಲ ಕುಂಡಕ್ಕೆ ಹೆಚ್ಚು ಹಣ ಹಾಕುವುದು ಏಕೆ ವ್ಯರ್ಥವೆಂಬುದು ತಾನಾಗಿ ತಿಳಿಯುತ್ತದೆ. ಅದು ಒಂದೆರಡು ವರ್ಷದ ಬಾಡಿಗೆ ಮನೆ. ತಳದಲ್ಲಿ ಸಾಕಷ್ಟು ತೂತುಗಳಿರುವ ಯಾವ ಅಗ್ಗದ ಪ್ಲಾಸ್ಟಿಕ್ ಕುಂಡವೂ, ಹಳೆಯ ಬಕೆಟ್ಟೂ ನಡೆಯುತ್ತದೆ. ವಸ್ತುವಿನ ಪ್ರಶ್ನೆ ನಿಜವಾಗಿ ಬರುವುದು ಕೊನೆಯ ದೊಡ್ಡ ಕುಂಡಕ್ಕೆ.

ಸುಟ್ಟ ಮಣ್ಣಿನ ಕುಂಡದ ಗೋಡೆ ಉಸಿರಾಡುತ್ತದೆ. ಗೋಡೆಯ ಮೂಲಕ ನೀರು ಆವಿಯಾಗುವುದರಿಂದ ಬೇರು ತಂಪಾಗಿರುತ್ತದೆ, ನೀರು ಹೆಚ್ಚು ಹಾಕಿದ ತಪ್ಪು ಅಷ್ಟರಮಟ್ಟಿಗೆ ಕ್ಷಮೆ ಪಡೆಯುತ್ತದೆ. ಪದೇ ಪದೇ ನೀರು ಹಾಕುವ ಕೈಯವರಿಗೆ ಇದೇ ಸರಿ. ಭಾರ, ಒಡೆಯುವ ಭಯ, ಬಿರುಬೇಸಿಗೆಯಲ್ಲಿ ದಿನವೂ ನೀರು ಬೇಡುವ ಗುಣ ಇದರ ದೋಷಗಳು. ಇಟಲಿಯ ಫ್ಲಾರೆನ್ಸಿನ ಬಳಿಯ, ಅಲ್ಲಿನ ಆಳುವ ಮೆಡಿಚಿ ಮನೆತನದ ಕ್ಯಾಸ್ಟೆಲ್ಲೊ ತೋಟದಲ್ಲಿ ದೊಡ್ಡ ಮಣ್ಣಿನ ಕುಂಡಗಳಲ್ಲಿ ನಿಂಬೆಯ ಬಳಗವನ್ನು ಬೆಳೆಸಿ ಚಳಿಗಾಲದಲ್ಲಿ ಕಟ್ಟಡದೊಳಗೆ ಸಾಗಿಸುವ ಪದ್ಧತಿ ಶತಮಾನಗಳಷ್ಟು ಹಳೆಯದು, ಆದರೆ ಅಲ್ಲಿ ಸಾಗಿಸಲು ಆಳುಗಳಿದ್ದರು. ಒಬ್ಬರೇ ಗಿಡ ನೋಡಿಕೊಳ್ಳುವ ಮನೆಯಲ್ಲಿ, ಅದರಲ್ಲೂ ಗಿಡವನ್ನು ಒಳಗೆ ಹೊರಗೆ ಸಾಗಿಸಬೇಕಾದಲ್ಲಿ, ಅಷ್ಟು ದೊಡ್ಡ ಮಣ್ಣಿನ ಕುಂಡ ಬೇಡ. ಒದ್ದೆ ಕುಂಡ ಹಿಮದಲ್ಲಿ ಬಿರಿಯುವ ಸಂಭವವೂ ಇದೆ.

ಪ್ಲಾಸ್ಟಿಕ್ ಹಗುರ, ಅಗ್ಗ, ತೇವವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಊರಿನಿಂದ ಆಗಾಗ ಹೊರಹೋಗುವವರಿಗೆ ಇದೇ ಗುಣ ವರ, ಕೈ ಬಿಗಿಹಿಡಿಯದೆ ನೀರು ಸುರಿಯುವವರಿಗೆ ಇದೇ ಶಾಪ. ಕಪ್ಪು ಬಣ್ಣದ ಕುಂಡ ಬಿಸಿಲಿನ ಕಡೆ ಕಾದು ಆ ಪಕ್ಕದ ಬೇರುಗಳನ್ನು ಸುಡುವುದರಿಂದ ತಿಳಿ ಬಣ್ಣದ್ದನ್ನು ಆರಿಸಬೇಕು. ಬಿಸಿಲಿಗೆ ಕೆಲವು ವರ್ಷಗಳಲ್ಲಿ ಅಂಚು ಪುಡಿಯಾಗುವುದನ್ನು ಒಪ್ಪಿಕೊಳ್ಳಬೇಕು.

ಬಟ್ಟೆಯ ಗ್ರೋ ಬ್ಯಾಗಿನಲ್ಲಿ ಬೇರಿನ ತುದಿ ಗೋಡೆಯ ಬಳಿ ಗಾಳಿಗೆ ತಾಗಿ ಒಣಗಿ ಹಿಂದಿನಿಂದ ಹೊಸ ಕವಲು ಬೇರುಗಳು ಹುಟ್ಟುತ್ತವೆ, ಹಾಗಾಗಿ ಬೇರು ಸುತ್ತಿಕೊಂಡು ಉರುಳಾಗುವ ತೊಂದರೆಯಿಲ್ಲ. ಬೇರಿನ ದೃಷ್ಟಿಯಿಂದ ಮಾತ್ರ ನೋಡಿದರೆ ಇದೇ ಶ್ರೇಷ್ಠ. ಆದರೆ ಎಲ್ಲ ಬದಿಯಿಂದಲೂ ಒಣಗುವುದರಿಂದ ಬಿಸಿಲು ಕಾಲದಲ್ಲಿ ಒಂದು ದಿನ ಮರೆತರೂ ಎಲೆ ಮುದುರುತ್ತದೆ. ಎತ್ತಿದಾಗ ಆಕಾರ ಕೆಟ್ಟು ಎಳೆಬೇರು ಹರಿಯುತ್ತದೆ. ಕೆಲವೇ ವರ್ಷಗಳಲ್ಲಿ ಬಟ್ಟೆ ಸವೆಯುತ್ತದೆ. ಹನಿ ನೀರಾವರಿ ಇಟ್ಟುಕೊಂಡವರು, ಗಿಡವನ್ನು ಒಂದೇ ಜಾಗದಲ್ಲಿ ಬಿಡುವವರು ಇದನ್ನು ಧೈರ್ಯವಾಗಿ ಆರಿಸಬಹುದು.

ಮರದ ಪೆಟ್ಟಿಗೆ ಶಾಖವನ್ನೂ ಚಳಿಯನ್ನೂ ಬೇರಿನಿಂದ ದೂರವಿಡುತ್ತದೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684ರಿಂದ 1686ರ ನಡುವೆ ಕಟ್ಟಿದ ಕಿತ್ತಳೆ ಮನೆಯ, ಅಂದರೆ ಚಳಿಗಾಲದಲ್ಲಿ ಗಿಡಗಳನ್ನಿಡುವ ಕಟ್ಟಡದ, ಗಿಡಗಳಿಗೆ ಬಳಸಿದ ಚೌಕ ಪೆಟ್ಟಿಗೆಗಳ ಪಕ್ಕದ ಹಲಗೆಗಳನ್ನು ಬಿಚ್ಚಬಹುದು. ಗಿಡವನ್ನು ಮೇಲೆತ್ತದೆಯೇ ಬೇರು ಸವರಿ ಮಣ್ಣು ಬದಲಿಸಲು ಆಗುವ ಈ ಉಪಾಯ ಇಂದಿಗೂ ಬುದ್ಧಿವಂತಿಕೆಯದು, ಬಡಗಿ ಕೆಲಸ ಬಲ್ಲವರು ಮಾಡಿಕೊಳ್ಳಬಹುದು. ಖರ್ಚು ಹೆಚ್ಚು, ಮರ ಕೊಳೆಯುವುದೂ ನಿಶ್ಚಿತ. ಲೋಹದ ಡಬ್ಬಗಳನ್ನು ಬಿಸಿಲಿನಲ್ಲಿಡಬೇಡಿ. ಅವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಮಣ್ಣಿನ ಮಿಶ್ರಣ

ಕುಂಡದ ನಿಂಬೆಗೆ ನೀರಿನ ಕೊರತೆಯಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ಅಪಾಯ ತರುವುದು ಬೇರಿಗೆ ಗಾಳಿಯ ಕೊರತೆ. ನೀರು ಸುರಿದು ನಿಂತ ಮೇಲೂ ಕುಂಡದ ತಳದಲ್ಲಿ ಒಂದು ಪದರ ಪೂರ್ತಿ ನೆನೆದೇ ಉಳಿಯುತ್ತದೆ. ಆ ಪದರದ ಎತ್ತರವನ್ನು ಮಿಶ್ರಣದ ಕಣಗಳ ಗಾತ್ರ ನಿರ್ಧರಿಸುತ್ತದೆ. ಕಣ ಸಣ್ಣದಾದಷ್ಟೂ ಪದರ ದಪ್ಪ. ಒದ್ದೆ ಸ್ಪಂಜನ್ನು ಅಡ್ಡಲಾಗಿ ಹಿಡಿದು ನೀರು ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿದರೆ ಇನ್ನಷ್ಟು ನೀರು ಸುರಿಯುವುದನ್ನು ನೀವೇ ಮಾಡಿ ನೋಡಬಹುದು. ಅಗಲವಾಗಿ ತಗ್ಗಾಗಿರುವ ಕುಂಡಕ್ಕಿಂತ ಎತ್ತರದ ಕುಂಡ ಒಳ್ಳೆಯದೆನ್ನುವುದು ಇದೇ ಕಾರಣಕ್ಕೆ. ತಳದಲ್ಲಿ ಜಲ್ಲಿಕಲ್ಲು ಹಾಕಿದರೆ ಆ ನೆನೆದ ಪದರ ಕಲ್ಲಿನ ಮೇಲಕ್ಕೆ ಸರಿದು ಬೇರಿಗೆ ಹತ್ತಿರವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಜಲ್ಲಿಯ ಬದಲು ಇಡೀ ಮಿಶ್ರಣವನ್ನೇ ಬಿಡಿಬಿಡಿಯಾಗಿಸಬೇಕು.

ತೋಟದ ಮಣ್ಣು ಅಗ್ಗ, ಖನಿಜಾಂಶಗಳು ಅದರಲ್ಲೇ ಇರುತ್ತವೆ, ಗಾಳಿಗೆ ಗಿಡ ಉರುಳದಂತೆ ಭಾರವನ್ನೂ ಕೊಡುತ್ತದೆ. ಆದರೆ ಕುಂಡದಲ್ಲಿ ಕೆಲವೇ ತಿಂಗಳಲ್ಲಿ ಗಟ್ಟಿಯಾಗುತ್ತದೆ. ಬಳಸಲೇಬೇಕಾದರೆ ಮೂರರಲ್ಲಿ ಒಂದು ಪಾಲು ಮೀರದಿರಲಿ, ಉಳಿದದ್ದು ದಪ್ಪ ಮರಳು ಅಥವಾ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಚೂರು) ಮತ್ತು ಚೆನ್ನಾಗಿ ಕಳಿತ ಗೊಬ್ಬರವಾಗಿರಲಿ. ಕೋಕೋಪೀಟ್ ಆಧಾರದ ಮಿಶ್ರಣ ಹಗುರ, ಅದರ ರಸಸಾರವೂ (pH) ನಿಂಬೆಗೆ ಬೇಕಾದ 5.5ರಿಂದ 6.5ರ ಒಳಗೇ ಸಾಮಾನ್ಯವಾಗಿ ಇರುತ್ತದೆ. ಆದರೆ ಅದನ್ನು ತೊಳೆಯದೆ ಬಳಸಿದರೆ ಅದರಲ್ಲಿರುವ ಉಪ್ಪಿನಂಶ ಎಲೆಯ ಅಂಚನ್ನು ಸುಡುತ್ತದೆ. ತೊಳೆದ ಮೇಲೂ ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅವನ್ನು ಬೇರೆಯಾಗಿ ಕೊಡಬೇಕಾಗುತ್ತದೆ. ದಪ್ಪ ತೊಗಟೆಯ ಚೂರುಗಳು ಸಿಗುವಲ್ಲಿ ಅರ್ಧ ಪಾಲು ತೊಗಟೆ ಸೇರಿಸಿದ ಮಿಶ್ರಣ ಎಲ್ಲಕ್ಕಿಂತ ಹೆಚ್ಚು ಕಾಲ ಬಿಡಿಬಿಡಿಯಾಗಿರುತ್ತದೆ. ಭಾರ ಹೊರಲಾರದ ಮಹಡಿಯವರು, ಗಿಡ ಸಾಗಿಸುವವರು ಹಗುರ ಮಿಶ್ರಣದ ಕಡೆಗೆ, ಗಾಳಿಯ ಮಾಳಿಗೆಯವರು ಸ್ವಲ್ಪ ಮಣ್ಣು ಸೇರಿದ ಮಿಶ್ರಣದ ಕಡೆಗೆ ವಾಲುವುದು ಸರಿ.

ಗೊಬ್ಬರದ ಆಯ್ಕೆ ಈ ಮಿಶ್ರಣವನ್ನೇ ಹಿಂಬಾಲಿಸುತ್ತದೆ. ಮಣ್ಣು ಮತ್ತು ಕಳಿತ ಗೊಬ್ಬರ ಹೆಚ್ಚಿರುವಲ್ಲಿ ಹಿಂಡಿ, ಎರೆಗೊಬ್ಬರಗಳನ್ನು ಒಡೆದು ಗಿಡಕ್ಕೆ ಒದಗಿಸುವ ಜೀವಿಗಳು ಇರುವುದರಿಂದ ಅವು ಸಾಕಾಗುತ್ತವೆ. ಕೋಕೋಪೀಟ್, ಪರ್ಲೈಟ್‌ಗಳೇ ಹೆಚ್ಚಾಗಿದ್ದರೆ ನೀರಿನಲ್ಲಿ ಕರಗುವ, ಸಾರಜನಕ ಹೆಚ್ಚಿರುವ, ಕಬ್ಬಿಣ, ಸತು, ಮ್ಯಾಂಗನೀಸ್ ಸೇರಿದ ಗೊಬ್ಬರವನ್ನು ತೆಳುವಾಗಿ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಆಗಾಗ ಕೊಡಲು ಆಗದವರಿಗೆ ನಿಧಾನವಾಗಿ ಕರಗುವ ಹರಳುಗಳು ದುಬಾರಿಯಾದರೂ ಒಳ್ಳೆಯವು. ಹೊಸ ಎಲೆ ಹಳದಿಯಾಗಿ ನರ ಹಸಿರಾಗಿಯೇ ಉಳಿದರೆ ಕಬ್ಬಿಣದ ಕೊರತೆ ಎಂದುಕೊಳ್ಳಿ. ನೀರು ಗಡಸಾಗಿದ್ದು ರಸಸಾರ ಏರಿದಾಗ, ಕಬ್ಬಿಣ ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಹಳೆಯ ಎಲೆಯ ತುದಿ ಹಳದಿಯಾಗಿ ತೊಟ್ಟಿನ ಬಳಿ ಹಸಿರು ತ್ರಿಕೋನ ಉಳಿದರೆ ಮೆಗ್ನೀಸಿಯಂ ಕೊರತೆ.

ಚಳಿಗಾಲದ ತಂಗುದಾಣ

ಹಿಮ ಬೀಳದ ಕಡೆಯವರು ಈ ಭಾಗವನ್ನು ಬಿಡಬಹುದು. ಉಳಿದವರಿಗೆ ಎರಡು ದಾರಿಗಳಿವೆ: ಬೆಚ್ಚಗಿನ ವಾಸದ ಕೋಣೆ, ಅಥವಾ ತಣ್ಣಗಿದ್ದರೂ ಹಿಮ ಮುಟ್ಟದ ಬೆಳಕಿನ ಜಾಗ. ವಾಸದ ಕೋಣೆಯಲ್ಲಿ ಗಿಡ ಬೆಳೆಯುತ್ತಲೇ ಇರಲು ಯತ್ನಿಸುತ್ತದೆ. ಆದರೆ ಬೆಳಕು ಸಾಲದೆ ಸೊರಗುತ್ತದೆ, ಒಣ ಗಾಳಿಗೆ ಜೇಡ ನುಸಿ ಮತ್ತು ಶಲ್ಕ ಕೀಟಗಳು ಹತ್ತುತ್ತವೆ. ಅಲ್ಲಿ ಇಡುವುದಾದರೆ ಗಿಡ ಬೆಳೆಸುವ ಎಲ್‌ಇಡಿ ದೀಪದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. 5ರಿಂದ 10 ಡಿಗ್ರಿಯಲ್ಲಿರುವ ಬೆಳಕಿನ ಕೋಣೆಯಲ್ಲಿ ಗಿಡ ವಿಶ್ರಮಿಸುತ್ತದೆ, ನೀರು ಬಹಳ ಕಡಿಮೆ ಸಾಕು. ಅಲ್ಲಿನ ಅಪಾಯ ಬೇರೆ ರೀತಿಯದು. ಗಾಜಿನ ಮೂಲಕ ಬಂದ ಬಿಸಿಲು ಎಲೆಯನ್ನು ಕಾಯಿಸಿದಾಗ ತಣ್ಣನೆಯ ಬೇರು ನೀರೊದಗಿಸಲಾರದೆ ಇಡೀ ಗಿಡ ಎಲೆ ಉದುರಿಸಿಬಿಡಬಹುದು. ಕುಂಡವನ್ನು ತಣ್ಣನೆಯ ನೆಲದಿಂದ ಮೇಲೆತ್ತಿ ಹಲಗೆಯ ಮೇಲಿಟ್ಟು, ಮಧ್ಯಾಹ್ನದ ಬಿಸಿಲಿಗೆ ತೆಳು ಪರದೆ ಕಟ್ಟಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ದೀಪಕ್ಕೆ ಖರ್ಚು ಮಾಡಲಾಗದವರಿಗೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ.

ನಿಮ್ಮ ಸಂದರ್ಭಕ್ಕೆ ಯಾವುದು

ಬಿಸಿಲು 6 ಗಂಟೆಗಿಂತ ಕಡಿಮೆಯಿದ್ದರೆ, ಅಥವಾ ಚಳಿಗಾಲದಲ್ಲಿ ಗಿಡವನ್ನು ಒಳಗೆ ತರಬೇಕಾದರೆ, ಮೇಯರ್ ಬಿಟ್ಟು ಬೇರೆ ತಳಿಯ ಯೋಚನೆ ಬೇಡ. ಸ್ವಂತ ಬೇರಿನ ಗಿಡವೂ ಸರಿ, ಗಿಡ್ಡ ಬೇರುಸಸಿಯ ಕಸಿಯೂ ಸರಿ. ಹಗುರ ಮಿಶ್ರಣ, ತಿಳಿ ಬಣ್ಣದ ಪ್ಲಾಸ್ಟಿಕ್, ಕೆಳಗೊಂದು ಚಕ್ರದ ಹಲಗೆ. ವರ್ಷವಿಡೀ ಬೆಚ್ಚಗಿರುವ ಕಡೆ, ಬಿಸಿಲು ಧಾರಾಳವಾಗಿದ್ದು ಹಣ ಕಡಿಮೆಯಿದ್ದರೆ, ಕಾಗಜಿಯ ಗೂಟಿ ಗಿಡವನ್ನು ಹಳೆಯ ಬಕೆಟ್ಟಿನಲ್ಲಿ ನೆಟ್ಟು ಶುರುಮಾಡಿ. ಅದೇ ಕಡೆ ಮಳೆ ಹೆಚ್ಚಿದ್ದರೆ ಅಥವಾ ಮಕ್ಕಳಿದ್ದರೆ ತಾಹಿತಿ. ಲೆಮನ್ ಸಿಪ್ಪೆಯ ಪರಿಮಳಕ್ಕಾಗಿಯೇ ಬೆಳೆಸುವವರು ಬೇರುಸಸಿಯ ಹೆಸರು ಕೇಳಿ ತಿಳಿದುಕೊಂಡು ಯುರೇಕಾದ ಕಸಿಗೆ ಹಣ ಕೊಡಬೇಕು, ದೊಡ್ಡ ಕುಂಡಕ್ಕೂ ಮುಂದೆ ಖರ್ಚಿದೆ ಎಂದು ಎಣಿಸಿರಬೇಕು.

ಸಸಿ ಕೊಳ್ಳುವ ದಿನ ಹಣ್ಣು ತೂಗುತ್ತಿರುವ ಗಿಡವೇ ಮೊದಲು ಕಣ್ಣಿಗೆ ಬೀಳುತ್ತದೆ. ಪುಟ್ಟ ಕುಂಡದಲ್ಲಿ ದೊಡ್ಡ ಹಣ್ಣು ಹೊತ್ತು ನಿಂತ ಗಿಡ ತನ್ನ ಬೇರಿನ ಶಕ್ತಿಯನ್ನೆಲ್ಲ ಆ ಹಣ್ಣಿಗೇ ಕೊಟ್ಟಿರುತ್ತದೆ. ಅದರ ಪಕ್ಕದಲ್ಲಿ ಹಣ್ಣಿಲ್ಲದೆ, ಕಡು ಹಸಿರು ಎಲೆಗಳಿಂದ, ನಾಲ್ಕು ದಿಕ್ಕಿಗೂ ಕವಲೊಡೆದು ನಿಂತ ಗಿಡವನ್ನು ಹುಡುಕಿ. ಎಲೆ ತಿರುಗಿಸಿ ಹಿಂಭಾಗದಲ್ಲಿ ಶಲ್ಕ ಕೀಟ, ಹಿಟ್ಟು ತಿಗಣೆಗಳಿವೆಯೇ ನೋಡಿ. ಎಲೆಯ ಮೇಲೆ ರಂಗೋಲಿ ಹುಳುವಿನ ಬಿಳಿ ಗೆರೆಗಳಿದ್ದರೆ ಗಾಬರಿ ಬೇಡ, ಕಜ್ಜಿಯ ಒರಟು ಕಲೆಗಳಿದ್ದರೆ ಮುಟ್ಟದೆ ಮುಂದೆ ಹೋಗಿ. ಮಾರುವವರು ಒಪ್ಪಿದರೆ ಗಿಡವನ್ನು ಕುಂಡದಿಂದ ಸ್ವಲ್ಪ ಮೇಲೆ ಸರಿಸಿ ಬೇರನ್ನೂ ನೋಡಿಕೊಳ್ಳಿ: ತಿಳಿ ಬಣ್ಣದ, ಗಟ್ಟಿಯಾದ ಬೇರುಗಳು ಮಣ್ಣನ್ನು ಹಿಡಿದಿರಬೇಕು, ಕಪ್ಪಾಗಿ ಜಾರುವಂತಿರಬಾರದು, ತಳದಲ್ಲಿ ಸುತ್ತುಸುತ್ತಾಗಿ ಹಗ್ಗದಂತೆ ಹೆಣೆದುಕೊಂಡೂ ಇರಬಾರದು. ಮನೆಗೆ ತಂದ ಮೇಲೆ ಎರಡು ವಾರ ಬೇರೆ ಗಿಡಗಳಿಂದ ದೂರವಿಟ್ಟು, ಬಿಸಿಲಿಗೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಒಗ್ಗಿಸಿ, ಆಮೇಲೆ ಹೊಸ ಕುಂಡಕ್ಕೆ ನೆಡಿ. ಮೊದಲ ವರ್ಷ ಬರುವ ಕಾಯಿಗಳಲ್ಲಿ ರುಚಿ ನೋಡಲು ಒಂದೋ ಎರಡೋ ಉಳಿಸಿ ಮಿಕ್ಕವನ್ನು ಬಟಾಣಿ ಗಾತ್ರದಲ್ಲಿರುವಾಗಲೇ ಚಿವುಟಿ ತೆಗೆಯಿರಿ.